ಬೇಲಾಪುರದವರೇ, ನೀವು ಹೇಳಿ

ಮೊನ್ನೆ ಮಳೆ ನಿಂತ ಮೇಲೆ ಲಾಫ್ಟಿನಿಂದ ಹಳೆಯ ರಜಾಯಿಯೊಂದನ್ನು ಕೆಳಗಿಳಿಸಿದೆ. ಬಿಚ್ಚಿದ್ದೇ ತಡ, ನುಸಿಗುಳಿಗೆಯ ವಾಸನೆ ಮನೆ ತುಂಬ ಹಬ್ಬಿತು. ನನ್ನ ಗಂಡ ಸೀನುತ್ತ ಬಾಲ್ಕನಿಗೆ ಹೋದರು. ನಾನು ಅದರ ಮಡಿಕೆಯಲ್ಲಿ ಮುಖವಿಟ್ಟು ಅಲ್ಲೇ ಕುಳಿತೆ. ಕಣ್ಣು ಮುಚ್ಚಿದರೆ ಬೆಳಗಿನ ಹನ್ನೊಂದು ಗಂಟೆ, ನಿಲ್ಲಿಸಿದ ಫ್ಯಾನು, ಕಿಟಕಿಯ ಸಂದಿಯಿಂದ ಬಂದ ಒಂದು ಪಟ್ಟಿ ಬಿಸಿಲು, ಅದರಲ್ಲಿ ತೇಲುವ ಹತ್ತಿಯ ಧೂಳು... ಮತ್ತು ಆ ಧ್ವನಿ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಪಕ್ಕದ ಮನೆಯಲ್ಲಿದ್ದ ಮಾಮನ ಧ್ವನಿ.

ಮಾಮ ಎಂದರೆ ನನಗೆ ನೆಂಟರೇನಲ್ಲ. ಉಡುಪಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ಮಾಮಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಊರಿನ ಹೆಸರು ಕೇಳಿ, ಅದರ ಪಕ್ಕದ ಊರಿನ ಹೆಸರು ತಾವು ಹೇಳಿ, ಅಷ್ಟಕ್ಕೇ ಸಂಬಂಧ ಕಟ್ಟಿಕೊಂಡವರು. ಮೊಬೈಲಿನಲ್ಲಿ ಕೇಳುವಂಥ ಕನ್ನಡ ರೇಡಿಯೋ ಒಂದನ್ನು ಕಲ್ಯಾಣದ ಕೆಲವರು ಸೇರಿ ಶುರು ಮಾಡಿದಾಗ ಅದರಲ್ಲಿ ದಿನಕ್ಕೊಂದು ತಾಸು ಮಾತಾಡಲು ಮಾಮನನ್ನು ಹಿಡಿದರು. ಮೊದಲು ರಾಜಕೀಯ, ಆಮೇಲೆ ಚರಿತ್ರೆ, ಕೊನೆಗೆ ಯಕ್ಷಗಾನವೋ ಹಬ್ಬವೋ ಅಡುಗೆಯೋ ಏನಾದರೊಂದು, ನಡುನಡುವೆ ಕೇಳುಗರ ಫೋನು. ಹನ್ನೊಂದು ಗಂಟೆಯೇ ಬೇಕೆಂದು ಹಟ ಹಿಡಿದವರು ಮಾಮ. ಠಾಣೆಯಿಂದ ಅಂಬರನಾಥದ ತನಕ ನಮ್ಮವರ ಹೋಟೆಲುಗಳಲ್ಲಿ ತಿಂಡಿಯ ಗದ್ದಲ ಮುಗಿದು ಊಟದ ಗದ್ದಲ ಶುರುವಾಗದ ಹೊತ್ತು ಅದು. ಸೌತೆಕಾಯಿ ಹೆಚ್ಚುತ್ತ ಅಡುಗೆಯವರು ಕೇಳುತ್ತಿದ್ದರು. ಫೋನನ್ನು ಖಾಲಿ ಸ್ಟೀಲ್ ಡಬ್ಬಿಯೊಳಗೆ ಇಟ್ಟರೆ ಇಡೀ ಕಿಚನ್ನಿಗೆ ಕೇಳಿಸುತ್ತದೆ ಎಂದು ಅವರಲ್ಲೊಬ್ಬರು ಹೇಳಿದ್ದನ್ನು ಮಾಮ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಸ್ಟುಡಿಯೋ ಎಂದರೆ ಮಾಮನ ಒಳಕೋಣೆ. ಸದ್ದು ಗೋಡೆಗೆ ಬಡಿದು ವಾಪಸು ಬರದಿರಲೆಂದು ಸುತ್ತ ಹಗ್ಗ ಕಟ್ಟಿ ಬಿಲ್ಡಿಂಗಿನವರ ರಜಾಯಿಗಳನ್ನೆಲ್ಲ ಇಳಿಬಿಟ್ಟಿದ್ದರು. ನನ್ನದೂ ಅಲ್ಲೇ ನೇತಾಡುತ್ತಿತ್ತು. ಫ್ಯಾನು ಹಾಕುವಂತಿಲ್ಲ. ಆ ಸೆಕೆಯಲ್ಲಿ ಮಾಮ ಬನಿಯನ್ನಿನಲ್ಲಿ ಕೂತು ರಾಜಮಹಾರಾಜರ ಕತೆ ಹೇಳುತ್ತಿದ್ದರು; ಕೇಳುವವರು ಕೋಟು ಪೇಟ ಕಲ್ಪಿಸಿಕೊಂಡಿದ್ದರೋ ಏನೋ. ನನ್ನ ಕೆಲಸ, ಮೊದಲು ನಮ್ಮ ಮಹಡಿಯ ಮನೆಗಳ ಬಾಗಿಲು ತಟ್ಟಿ ಮಿಕ್ಸಿ ಈಗ ಬೇಡ, ಕುಕ್ಕರು ಆಮೇಲೆ ಎಂದು ಹೇಳಿ ಬರುವುದು. ಆಮೇಲೆ ಸ್ಟೂಲಿನ ಮೇಲೆ ಕೂತು ಬಂದ ಫೋನು ಎತ್ತಿ, ಯಾವ ಊರು ಎಂದು ಕೇಳಿ, ಮಾಮನಿಗೆ ದಾಟಿಸುವುದು. ಬಿಲ್ಡಿಂಗಿನ ಹಿಂದೆ ರೈಲು ಹೋಗುವಾಗ ಮಾತ್ರ ಯಾರೂ ಏನೂ ಮಾಡುವಂತಿರಲಿಲ್ಲ. ಮಾಮ ವಾಕ್ಯದ ನಡುವೆಯೇ ನಿಲ್ಲುತ್ತಿದ್ದರು. ಕೇಳುಗರೂ ಕಾಯುತ್ತಿದ್ದರು. ಆ ಮೌನದಲ್ಲಿ ಕಳವಾ, ಠಾಣೆ, ಕಲ್ಯಾಣ ಎಲ್ಲವೂ ನಮ್ಮ ಜೊತೆ ಉಸಿರು ಹಿಡಿದು ಕೂತಿವೆ ಅನ್ನಿಸುತ್ತಿತ್ತು... ನಾನು ಆ ಊರುಗಳಲ್ಲಿ ಅರ್ಧಕ್ಕರ್ಧ ನೋಡಿದವಳಲ್ಲ. ನನ್ನ ಮಟ್ಟಿಗೆ ಅವು ಧ್ವನಿಗಳು, ಅಷ್ಟೇ.

ಫೋನು ಮಾಡಿದವರ ಹೆಸರು ಕೇಳಬಾರದು ಎಂಬುದು ಮಾಮನ ಕಟ್ಟಪ್ಪಣೆ. ಹೆಸರು ಕೇಳಿದರೆ ಜಾತಿ ತಿಳಿಯಿತು, ಜಾತಿ ತಿಳಿದರೆ ಪಕ್ಷ ತಿಳಿಯಿತು ಎಂದು ಜನ ಅಂದುಕೊಳ್ಳುತ್ತಾರೆ, ಮತ್ತೆ ಮಾತು ಯಾರಿಗೆ ಬೇಕು ಎನ್ನುತ್ತಿದ್ದರು. ಹಾಗಾಗಿ ಎಲ್ಲರೂ ಊರಿನ ಹೆಸರಿನವರೇ: ಕಳವಾದವರು, ಅಂಬರನಾಥದವರು. ಇನ್ನೊಂದು ಕಟ್ಟಪ್ಪಣೆ ತಮಗೇ ಹಾಕಿಕೊಂಡದ್ದು. "ಕಳವಾದವರೇ, ನೀವು ಹೇಳಿ" ಎಂದು ಬಿಟ್ಟುಕೊಟ್ಟ ಮೇಲೆ, ಆ ಮನುಷ್ಯ ಎಷ್ಟೇ ತಲೆಕೆಳಗಾದ ಮಾತಾಡಲಿ, ಮುಗಿಸುವ ತನಕ ಮಾಮ ಬಾಯಿ ತೆರೆಯುತ್ತಿರಲಿಲ್ಲ.

ಇದು ನನಗೆ ದೊಡ್ಡ ಸೋಜಿಗ. ಮನೆಯಲ್ಲಿ ಮಾಮ ಯಾರಿಗೂ ಒಂದು ವಾಕ್ಯ ಮುಗಿಸಲು ಬಿಟ್ಟವರಲ್ಲ. ಗೋಡೆಗೂ ಕಿವಿಯಿದೆ ಅನ್ನುತ್ತಾರೆ. ನಮ್ಮ ಬಿಲ್ಡಿಂಗಿನ ಗೋಡೆಗೆ ಬಾಯಿಯೂ ಇತ್ತು. ರೇಡಿಯೋ ಶುರುವಾಗುವ ಮೊದಲಿನ ಒಂದು ಚೌತಿಯ ದಿನ, ಬೇಲಾಪುರದಲ್ಲಿ ಕೆಲಸದಲ್ಲಿದ್ದ ಅವರ ಮಗಳು ಊಟಕ್ಕೆ ಬಂದಿದ್ದಳು. ಒಬ್ಬಳೇ ಮಗಳು. ಮಾತು ಚುನಾವಣೆಗೆ ತಿರುಗಿತು. ಇಬ್ಬರದೂ ಬೇರೆ ಬೇರೆ ಪಕ್ಷ. ಮಗಳು ಏನೋ ಹೇಳಹೊರಟಳು, ಮಾಮ ನಡುವೆ ಬಾಯಿ ಹಾಕಿದರು, ಅವಳು ಮತ್ತೆ ಶುರು ಮಾಡಿದಳು, ಇವರು ಮತ್ತೆ ತುಂಡರಿಸಿದರು. ಕೊನೆಗೆ, ನನ್ನ ಮನೆಯಲ್ಲಿ ಕೂತು ಇಂಥ ಮಾತಾಡುವುದು ಬೇಡ ಎಂದುಬಿಟ್ಟರು. ಅವಳು ಎಲೆಯ ಮೇಲೆ ಅನ್ನ ಇರುವಾಗಲೇ ಎದ್ದು ಕೈ ತೊಳೆದು ಹೋದಳು. ಹಬ್ಬದ ದಿನ ಅರ್ಧ ಊಟದಲ್ಲಿ ಎದ್ದು ಹೋಗುವುದೆಂದರೆ ನಮ್ಮಲ್ಲಿ ಸಣ್ಣ ಸಂಗತಿಯಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವಳು ಮತ್ತೆ ಬರಲಿಲ್ಲ, ಇವರು ಕರೆಯಲಿಲ್ಲ.

ರೇಡಿಯೋ ಶುರುವಾಗಿ ಕೆಲವು ತಿಂಗಳಾಗಿತ್ತು. ಒಂದು ದಿನ ಫೋನು ಎತ್ತಿದರೆ ಅವಳ ಧ್ವನಿ. ಇಲ್ಲೇ ಹುಟ್ಟಿ ಬೆಳೆದವಳು, ಮನೆಮಾತು ತುಳು, ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಹೊರಗೆ ಬಾಯಿಗೆ ಬರುವುದು ಮರಾಠಿಯೇ. "ವಹಿನಿ, ನಾವ್ ಸಾಂಗೂ ನಕಾ. ಫಕ್ತ ಬೇಲಾಪುರ್ ಮ್ಹಣಾ" ಎಂದಳು. ಅತ್ತಿಗೆ, ಹೆಸರು ಹೇಳಬೇಡಿ, ಬೇಲಾಪುರ ಎಂದಷ್ಟೇ ಹೇಳಿ ಎಂದು. ನಾನು ಅಷ್ಟೇ ಹೇಳಿದೆ. ಅಂದು ಮಾಮ ಅಂಬರನಾಥದ ಶಿವಾಲಯದ ಬಗ್ಗೆ ಮಾತಾಡಿದ್ದರು. ಅದನ್ನು ಕಟ್ಟಿಸಿದ ಅರಸರಿಗೆ ಕನ್ನಡದ ನಂಟಿತ್ತು ಎಂಬುದು ಅವರ ವಾದ. ಅವಳು ಮರಾಠಿಯಲ್ಲಿ, ಕಟ್ಟಿಸಿದವರ ಭಾಷೆ ಕೇಳುತ್ತೀರಿ, ಕಲ್ಲು ಹೊತ್ತವರು ಯಾವ ಭಾಷೆಯಲ್ಲಿ ನರಳಿದರು ಎಂದು ಯಾಕೆ ಕೇಳುವುದಿಲ್ಲ ಎಂದಳು. ಮೊದಲ ಶಬ್ದಕ್ಕೇ ಮಾಮನಿಗೆ ಗುರುತು ಹತ್ತಿತ್ತು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸತೊಡಗಿದವರು ಅವಳು ಮುಗಿಸುವ ತನಕ ಒರೆಸುತ್ತಲೇ ಇದ್ದರು. ಆಮೇಲೆ ಕನ್ನಡದಲ್ಲಿ, ಬೇಲಾಪುರದವರು ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ಎಂದು ಶುರು ಮಾಡಿ ತಮ್ಮ ವಾದವನ್ನೇ ಮುಂದುವರಿಸಿದರು.

ಅಲ್ಲಿಂದ ಅವಳು ಆಗಾಗ ಫೋನು ಮಾಡುತ್ತಿದ್ದಳು. ಅವಳು ಮರಾಠಿಯಲ್ಲಿ, ಇವರು ಕನ್ನಡದಲ್ಲಿ. ಅವಳದೂ ಬಹುವಚನ, ಇವರದೂ ಬಹುವಚನ. ಕಲ್ಯಾಣದ ಹಳೆಯ ಬಂದರು, ಮುನಿಸಿಪಾಲಿಟಿಯ ನೀರು, ಯಕ್ಷಗಾನದಲ್ಲಿ ಹೆಣ್ಣುಮಕ್ಕಳು... ಯಾವುದೇ ವಿಷಯ ಇರಲಿ, ಇಬ್ಬರೂ ಒಬ್ಬರ ಮಾತನ್ನೊಬ್ಬರು ಕೊನೆಯ ತನಕ ಕೇಳುತ್ತಿದ್ದರು. ಹೋಟೆಲಿನವರಿಗೆ ಅದು ದೊಡ್ಡ ಮಜಾ. ಬೇಲಾಪುರದವರು ಇವತ್ತು ಬರುತ್ತಾರಾ ಎಂದು ನನ್ನನ್ನೇ ಕೇಳುತ್ತಿದ್ದರು. ರಜಾಯಿಗಳ ನಡುವೆ ಆ ಎರಡು ಧ್ವನಿಗಳು ಓಡಾಡುವಾಗ ನನಗೆ ಎಷ್ಟೋ ಸಲ ಇದು ನಿಜವೋ ಕನಸೋ ಎಂದಾಗುತ್ತಿತ್ತು. ಕಾರ್ಯಕ್ರಮ ಮುಗಿದ ಮೇಲೆ ಮಾಮ ಅವಳ ಬಗ್ಗೆ ಒಂದು ಮಾತೂ ಎತ್ತುತ್ತಿರಲಿಲ್ಲ. ನಾನೂ ಎತ್ತಲಿಲ್ಲ. ಒಡೆದೀತು ಎಂಬ ಭಯ.

ಮತ್ತೊಂದು ಚುನಾವಣೆ ಬಂತು. ಆ ದಿನ ಅವಳು ಸಿಟ್ಟಿನಲ್ಲೇ ಮಾತಾಡುತ್ತಿದ್ದಳು, ಚೌತಿಯ ದಿನದ ಅದೇ ಜಗಳ ಎಂದು ನನಗೆ ಗೊತ್ತಾಯಿತು. ನಡುವೆ ಅವಳಿಗೆ ಕೆಮ್ಮು ಬಂತು. ನೆಗಡಿಯ ಕೆಮ್ಮಲ್ಲ, ಎದೆಯಿಂದ ಬರುವಂಥದ್ದು. ಸುಧಾರಿಸಿಕೊಂಡು ಮತ್ತೆ ಶುರು ಮಾಡಿದಳು, ಮತ್ತೆ ಕೆಮ್ಮು. ಅಂದು ಮೊದಲ ಸಲ ಮಾಮ ಕೇಳುಗರ ಮಾತನ್ನು ತುಂಡರಿಸಿದರು. ಅದೂ ಕನ್ನಡದಲ್ಲಲ್ಲ, ಮನೆಯ ತುಳುವಿನಲ್ಲಿ. "ಬೆಚ್ಚ ನೀರ್ ಪರ್ಲ ಮಗಾ" ಎಂದರು. ಬಿಸಿನೀರು ಕುಡಿ ಮಗಾ.

ಎಲ್ಲ ಊರುಗಳೂ ಕೇಳಿಸಿಕೊಂಡವು. ಅಂದು ರೈಲೂ ಬರಲಿಲ್ಲ, ಬಂದಿದ್ದರೆ ಆ ಮೌನಕ್ಕೆ ಒಂದು ನೆಪವಾದರೂ ಇರುತ್ತಿತ್ತು. ಅವಳು ಫೋನಿಟ್ಟಳು. ನನಗೆ ಏನು ಮಾಡಬೇಕೆಂದು ತಿಳಿಯದೆ ಮುಂದಿನ ಫೋನು ಕೊಟ್ಟೆ. ರೈಲಿನ ಕಾರ್‌ಶೆಡ್ಡಿನಲ್ಲಿ ಕೆಲಸ ಮಾಡುವ ಕಳವಾದವರು, ಧಾರವಾಡ ಕಡೆಯವರು. "ನಂದು ನಾಳೆ ಕೇಳ್ತೀನ್ರಿ ಸರ್. ನೀವು ಮೊದಲ ಆ ಅಕ್ಕಾರಿಗೆ ಫೋನ್ ಹಚ್ರಿ" ಎಂದರು.

ಮಾಮ ಹಚ್ಚಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಭಾನುವಾರ ಅವಳೇ ಬಂದಳು. ಮಾಮ ನನ್ನ ಬಾಗಿಲು ತಟ್ಟಿ, "ಮಾರಾಯ್ತಿ, ಸ್ವಲ್ಪ ಚಾ ಮಾಡ್ಲಿಕ್ಕೆ ಬಾ" ಎಂದರು. ಚಾ ಮಾಡಲು ಬಾರದವರಲ್ಲ. ನಾನು ಹೋದಾಗ ಇಬ್ಬರೂ ಎದುರೆದುರು ಕೂತು ನೆಲ ನೋಡುತ್ತಿದ್ದರು. ಚಾ ಮಾಡಿ ಇಬ್ಬರ ಮುಂದಿಟ್ಟೆ. ಚಾ ತಣ್ಣಗಾಯಿತು. ಕೊನೆಗೆ ಮಾಮ ಗಂಟಲು ಸರಿಮಾಡಿಕೊಂಡು, ರೇಡಿಯೋದ ಅದೇ ಧ್ವನಿಯಲ್ಲಿ, "ಬೇಲಾಪುರದವರೇ, ನೀವು ಹೇಳಿ" ಎಂದರು.

ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆ ಚೌತಿಯ ದಿನ ನೀನು ಏನೋ ಹೇಳುತ್ತಿದ್ದೆ, ನಾನು ಬಿಡಲಿಲ್ಲ, ಈಗ ಹೇಳು ಎಂದು ಮಾಮ ಕೇಳಿದರು. ಅವಳು ಬಹಳ ಹೊತ್ತು ಯೋಚಿಸಿದಳು.

"ನೆಂಪಿಜ್ಜಿ ಪಪ್ಪಾ" ಎಂದಳು. ನೆನಪಿಲ್ಲ.

ಮಾಮನಿಗೂ ತಾವು ಏನೆಂದು ಅಡ್ಡ ಬಂದದ್ದು ಎಂಬುದು ನೆನಪಿರಲಿಲ್ಲ. ಅಷ್ಟು ವರ್ಷ... ಯಾರಿಗೂ ನೆನಪಿಲ್ಲದ ಒಂದು ಮಾತಿಗೆ. ನಾನು ಒಳಗೆ ಹೋಗಿ ಚಾ ಮತ್ತೆ ಬಿಸಿಗಿಟ್ಟೆ.

ಆಮೇಲೆ ಅವಳು ರೇಡಿಯೋಗೆ ಫೋನು ಮಾಡಲಿಲ್ಲ. ಭಾನುವಾರಗಳಂದು ಮನೆಗೇ ಬರುತ್ತಿದ್ದಳು. ಬಹುವಚನ ಹೋಯಿತು, ಅದರ ಹಿಂದೆಯೇ ತಾಳ್ಮೆಯೂ ಹೋಯಿತು. ಅವಳು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಮಾಮ ಹಾರಿ ಬೀಳುವರು, ಮಾಮ ಅರ್ಧ ಹೇಳುವಷ್ಟರಲ್ಲಿ ಅವಳು. ಗೋಡೆಯಾಚೆಯಿಂದ ಆ ಗಲಾಟೆ ಕೇಳುತ್ತ ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ಅದಕ್ಕಿಂತ ನೆಮ್ಮದಿಯ ಭಾನುವಾರಗಳು ನನಗೆ ನೆನಪಿಲ್ಲ.

ಮಾಮ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ರೇಡಿಯೋದವರು ಆ ಹೊತ್ತಿಗೆ ಹಾಡು ಹಾಕತೊಡಗಿದರು. ರಜಾಯಿಗಳು ಅವರವರ ಮನೆಗೆ ವಾಪಸು ಹೋದವು. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ಒಳ್ಳೆಯವರೇ. ಹನ್ನೊಂದು ಗಂಟೆಗೆ ಮಹಡಿಯಲ್ಲಿ ಎಲ್ಲರ ಮಿಕ್ಸಿಯೂ ಒಟ್ಟಿಗೆ ತಿರುಗುತ್ತದೆ.

ಮಗಳು ನನಗೆ ಆಗಾಗ ಫೋನು ಮಾಡುತ್ತಾಳೆ. ಮೊನ್ನೆಯೂ ಮಾಡಿದ್ದಳು. ಆಫೀಸಿನ ಯಾವುದೋ ಕಿರಿಕಿರಿ, ಆಮೇಲೆ ರಾಜಕೀಯ, ಹೇಳುತ್ತ ಹೋದಳು. ನನಗೆ ಅದರಲ್ಲಿ ಏನೂ ತಿಳಿಯದು. ಹೂಂ, ಹೂಂ ಎಂದು ಕೇಳುತ್ತಿದ್ದೆ. ಹೇಳುತ್ತ ಹೇಳುತ್ತ ತಾನೇ ನಿಂತಳು. ಲೈನು ಹೋಯಿತೇ ಎಂದು ಕೇಳಿದೆ. ಇಲ್ಲ ಎಂದಳು. ಆಮೇಲೆ ಮರಾಠಿ ಬಿಟ್ಟು ನಮ್ಮ ತುಳುವಿನಲ್ಲಿ ಮೆಲ್ಲಗೆ ಹೇಳಿದಳು: "ವಹಿನಿ, ಈಗ ನನ್ನ ಮಾತಿಗೆ ಯಾರೂ ಅಡ್ಡ ಬರುವುದಿಲ್ಲ. ಎಲ್ಲ ನಾನೇ ಹೇಳಿ ಮುಗಿಸಬೇಕು."