ಸಿರುಗುಪ್ಪದಲ್ಲಿ ಸಿಕ್ಕ ನನ್ನ ಸ್ವೆಟರ್

ಕಳೆದ ಭಾನುವಾರ ಸಿರುಗುಪ್ಪಕ್ಕೆ ಹೆಣ್ಣು ನೋಡಲು ಹೋಗಿ, ನನ್ನದೇ ಸ್ವೆಟರ್ ನೋಡಿಕೊಂಡು ಬಂದೆ.

ಆರು ವರ್ಷದ ಹಿಂದೆ ಕಳೆದುಹೋದ ಸ್ವೆಟರ್. ಕಳೆದುಹೋದದ್ದು ಅಂದರೆ ತಪ್ಪಾದೀತು, ಎರವಲು ಹೋದದ್ದು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಮ್ಮ ಎದುರುಮನೆಯ ಅಂಬಕ್ಕ ಒಂದು ದಿನದ ಮಟ್ಟಿಗೆ ಎಂದು ಒಯ್ದಿದ್ದರು. ಅವರ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು. ಹುಡುಗಿಗೆ ಕೈಕೆಲಸ ಬರುತ್ತದೆ ಎಂದು ತೋರಿಸಲು ಏನಾದರೂ ಬೇಡವೇ? ಮಗಳ ಮದುವೆಯಾಯಿತು, ಸ್ವೆಟರ್ ತಿರುಗಿ ಬರಲಿಲ್ಲ. ಅಂಬಕ್ಕನ ತಂಗಿಯ ಮಗಳಿಗೆ ಬೇಕಾಯಿತಂತೆ. ಆಮೇಲೆ ತಂಗಿಯ ನಾದಿನಿಗೆ. ನಾನು ಕೇಳುವುದನ್ನೇ ಬಿಟ್ಟೆ. ಬಳ್ಳಾರಿಯ ಬಿಸಿಲಿನಲ್ಲಿ ಸ್ವೆಟರ್ ಇಲ್ಲವೆಂದು ಯಾರಾದರೂ ಅತ್ತಿದ್ದುಂಟೇ?

(ನೀವು ಕೇಳುವ ಮೊದಲೇ ಒಪ್ಪಿಕೊಳ್ಳುತ್ತೇನೆ. ಈ ಊರಲ್ಲಿ ಕೂತು ಉಲ್ಲನ್ ಹೆಣೆಯುವುದು ಹುಚ್ಚು. ಯುದ್ಧದ ಕಾಲದಲ್ಲಿ ಸಿಪಾಯಿಗಳಿಗೆಂದು ಕಲಿತದ್ದು. ಯುದ್ಧ ಮುಗಿಯಿತು, ಹುಚ್ಚು ಮುಗಿಯಲಿಲ್ಲ.)

ನಾನು ಹೋದಲ್ಲೆಲ್ಲ ಹೆಣಿಗೆಯ ಚೀಲವೂ ಬರುತ್ತದೆ ಎಂಬುದು ಈ ಅಂಕಣ ಓದುವವರಿಗೆ ಗೊತ್ತು. ಸದ್ಯ ಅದರಲ್ಲಿ ಮೂರು ಕೆಲಸಗಳಿವೆ. ಜೊತೆಯಿಲ್ಲದ ಒಂದು ಕಾಲುಚೀಲ, ಅರ್ಧ ಮಫ್ಲರ್, ಅಣ್ಣನ ಮಗುವಿಗೆಂದು ಶುರು ಮಾಡಿದ ಒಂದು ಕುಲಾವಿ. ಆ ಮಗು ಈಗ ಸ್ಲೇಟು ಹಿಡಿದು ಸಾಲೆಗೆ ಹೋಗುತ್ತಿದೆ. ಕುಲಾವಿ ಮಾತ್ರ ಕಿವಿಯ ತನಕ ಬಂದು ನಿಂತಿದೆ.

ನಮ್ಮ ಅತ್ತೆಗೆ ಈ ಚೀಲ ಕಂಡರಾಗದು. ಮದುವೆಗೆ ತರಬೇಡ, ಗೃಹಪ್ರವೇಶಕ್ಕೆ ತರಬೇಡ, ಮಾತಾಡಿಸಲು ಬಂದವರ ಮುಂದೆ ಕಡ್ಡಿ ಆಡಿಸಬೇಡ. ಭಾನುವಾರವೂ ಅದೇ ರಾಗ. ಹೆಣ್ಣು ನೋಡುವ ಶಾಸ್ತ್ರಕ್ಕೆ ಇದೇಕೆ, ಮನೆಯಲ್ಲೇ ಇಟ್ಟು ಬಾ ಎಂದರು. ಇಟ್ಟು ಬಂದಂತೆ ಮಾಡಿ ಸೆರಗಿನಡಿ ತಂದೆ. ಬಸ್ಸು ಊರು ದಾಟುವಷ್ಟರಲ್ಲಿ ಮಫ್ಲರ್ ಎರಡು ಸಾಲು ಬೆಳೆದಿತ್ತು. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಮೈದುನ ಬಸವರಾಜ, ಅಂದರೆ ಅಂದಿನ ವರ ಮಹಾಶಯ, ಉಲ್ಲನ್ ಉಂಡೆ ಉರುಳದಂತೆ ತೊಡೆಯ ಮೇಲೆ ಹಿಡಿದುಕೊಂಡಿದ್ದ.

ಹುಡುಗಿಯ ಹೆಸರು ಸರೋಜ. ತಂದೆಗೆ ಸಿರುಗುಪ್ಪದಲ್ಲಿ ನಾಲ್ಕೆಕರೆ ಭತ್ತದ ಗದ್ದೆ. ಇದಕ್ಕೂ ಮೊದಲು ನಾಲ್ಕು ಕಡೆಯವರು ಬಂದು ಉಪ್ಪಿಟ್ಟು ತಿಂದು, ಪತ್ರ ಬರೆಯುತ್ತೇವೆಂದು ಹೋದವರು ಬರೆದಿರಲಿಲ್ಲ. ಆಕೆಯ ತಾಯಿ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡು, ನೀವೊಂದು ಮಾತು ಹೇಳಿದರೆ ನಡೆದೀತು ಎಂದಿದ್ದರು. ನನ್ನ ಮಾತು ನಮ್ಮ ಮನೆಯಲ್ಲಿ ಎಷ್ಟು ನಡೆಯುತ್ತದೆಂದು ಪಾಪ ಅವರಿಗೇನು ಗೊತ್ತು?

ಪಡಸಾಲೆಯಲ್ಲಿ ಮೇಜು, ಮೇಜಿನ ಮೇಲೆ ಕೈಕೆಲಸ. ನಮ್ಮ ಸೀಮೆಯ ಪದ್ಧತಿ ಇದು. ಹುಡುಗಿ ಬಂದು ಕೂರುವ ಮೊದಲೇ ಅವಳ ಕೈಗಳು ಬಂದು ಕೂತಿರುತ್ತವೆ. ಮಣಿಯ ತೋರಣ, ಕ್ರೋಶಾದ ಮೇಜುಹಾಸು, ಅವೆರಡರ ನಡುವೆ ಮಡಿಸಿಟ್ಟ ಬದನೆಕಾಯಿ ಬಣ್ಣದ ಸ್ವೆಟರ್.

ಬಣ್ಣ ನೋಡಿಯೇ ನನ್ನದಿರಬಹುದೇ ಅನಿಸಿತು. ಆದರೂ ಬದನೆಕಾಯಿ ಬಣ್ಣದ ಉಲ್ಲನ್ ಲೋಕದಲ್ಲಿ ನನ್ನೊಬ್ಬಳ ಸೊತ್ತೇ? ಎಡಗಡೆಯ ಜಡೆ ನೋಡಿದೆ. ಮುಂಭಾಗದಲ್ಲಿ ಉದ್ದಕ್ಕೂ ಇಳಿದ ಜಡೆ ಡಿಸೈನು ಅದು. ಎಲ್ಲ ತಿರುವುಗಳೂ ಬಲಕ್ಕೆ, ಐದನೆಯದು ಮಾತ್ರ ಎಡಕ್ಕೆ.

ಆ ಐದನೆಯ ತಿರುವು ಹುಟ್ಟಿದ್ದು ಕುರುಗೋಡಿನ ದಾರಿಯಲ್ಲಿ. ಯುದ್ಧದಿಂದಾಗಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಕಾಲ. ಏರು ಬಂದಲ್ಲಿ ಬಸ್ಸು ನಿಲ್ಲುತ್ತಿತ್ತು, ಕ್ಲೀನರ್ ಇಳಿದು ಬೆಂಕಿಗೆ ಗಾಳಿ ಹಾಕುತ್ತಿದ್ದ, ನಾನು ಆರಾಮಾಗಿ ಹೆಣೆಯುತ್ತಿದ್ದೆ. ಒಮ್ಮೆ ಬಸ್ಸು ಹೇಳದೆ ಕೇಳದೆ ಹೊರಟಿತು. ಕೈ ತಪ್ಪಿತು. ಬಿಚ್ಚಲು ಬೇಸರವಾಗಿ ಹಾಗೇ ಬಿಟ್ಟೆ. ಯಾರು ನೋಡುತ್ತಾರೆ ಅಂದುಕೊಂಡಿದ್ದೆ.

ಸರೋಜ ಬಂದು ಕೂತಳು. ಅತ್ತೆ ಸ್ವೆಟರ್ ಎತ್ತಿಕೊಂಡು ಹಿಂದುಮುಂದು ತಿರುಗಿಸಿದರು. ನಂತರ ಅದನ್ನು ನನ್ನ ಮಡಿಲಿಗೆ ಹಾಕಿದರು.

"ನೀ ತಿಳಿದಾಕಿ. ಕೈ ಹೆಂಗೈತಿ ನೋಡಿ ಹೇಳು."

ಏನು ಹೇಳಲಿ? ನಿಜ ಹೇಳಿದರೆ ಐದನೆಯ ಸಲವೂ ಪತ್ರ ಬರುವುದಿಲ್ಲ. ಬಾಗಿಲ ಹಿಂದೆ ಆ ತಾಯಿಯ ಸೀರೆಯ ಅಂಚು ಕಾಣುತ್ತಿತ್ತು. ಸುಳ್ಳು ಹೇಳಿದರೆ ನಾಳೆ ಮನೆಗೆ ಬರುವ ಓರಗಿತ್ತಿಯ ಜೊತೆ ಆ ಸುಳ್ಳನ್ನೂ ಸಾಕಬೇಕು. ನಾನು ಎರಡನೆಯದನ್ನೇ ಆರಿಸಿದೆ. ಕೈ ಚೊಲೊ ಐತ್ರಿ ಅಂದೆ. (ನನ್ನ ಕೆಲಸವನ್ನು ನಾನೇ ಹೊಗಳಿಕೊಂಡೆ. ಬೇರೆ ಯಾರೂ ಹೊಗಳಿದವರಿಲ್ಲ ಬಿಡಿ.)

ಅತ್ತೆ ಹುಡುಗಿಯ ಕಡೆ ತಿರುಗಿ, ಎಷ್ಟು ದಿನ ಹಿಡಿಯಿತು ಎಂದು ಕೇಳಿದರು. ಸರೋಜ ನನ್ನ ಚೀಲ ನೋಡಿದಳು. ಅದರಿಂದ ಎರಡು ಕಡ್ಡಿ ಹೊರಗೆ ಇಣುಕುತ್ತಿದ್ದವು. ಆಮೇಲೆ ನೆಲ ನೋಡಿದಳು.

"ಅದು ನಾ ಹೆಣೆದದ್ದಲ್ರಿ. ಬಳ್ಳಾರಿಯಿಂದ ತರಿಸ್ಯಾರ. ನನಗ ಹೆಣಿಯಾಕ ಬರಂಗಿಲ್ಲ."

ಒಳಗೆ ಲೋಟವೊಂದು ಬಿತ್ತು. ಅವಳ ತಂದೆ ತೆಲುಗಿನಲ್ಲಿ ಏನೋ ಗೊಣಗಿದರು. (ನಮ್ಮ ಕಡೆ ಪ್ರೀತಿಗೊಂದು ಭಾಷೆ, ಸಿಟ್ಟಿಗೊಂದು.) ನನಗೆ ನಾಚಿಕೆಯಾಯಿತು. ಹೆಣೆದವಳು ನಾನು, ಬಾಯಿ ಮುಚ್ಚಿಕೊಂಡು ಕೂತಿದ್ದೆ. ಕಳೆದುಕೊಳ್ಳುವುದೇನಾದರೂ ಇದ್ದದ್ದು ಅವಳಿಗೆ, ಅವಳೇ ನಿಜ ಹೇಳಿದಳು. ಅದು ನನ್ನದು ಎಂದು ನಾನೂ ಆಗ ಹೇಳಿದೆ. ತಡವಾಗಿ, ಸಣ್ಣ ದನಿಯಲ್ಲಿ.

ಅತ್ತೆ ನನ್ನ ಕಡೆ ನೋಡಲೇ ಇಲ್ಲ. ಹಾಗಾದರೆ ನಿನಗೆ ಏನು ಬರುತ್ತದೆ ಎಂದು ಅವಳನ್ನು ಕೇಳಿದರು.

"ಹೊಳ್ಯಾಗ ಈಜಾಕ ಬರತೈತ್ರಿ. ಈ ದಂಡಿಯಿಂದ ಆ ದಂಡಿಗೆ."

ಅಷ್ಟು ಹೊತ್ತೂ ಉಪ್ಪಿಟ್ಟಿನಲ್ಲಿ ಸಾಸಿವೆ ಹುಡುಕುತ್ತಿದ್ದ ಬಸವರಾಜ ಮೊದಲ ಸಲ ತಲೆಯೆತ್ತಿದ. ಅವನಿಗೆ ಮೊಣಕಾಲುದ್ದ ನೀರು ಕಂಡರೂ ಭಯ.

ಹೊರಡುವಾಗ ಸರೋಜಳ ತಾಯಿ ಸ್ವೆಟರ್ ತಂದು ನನ್ನ ಕೈಗಿಟ್ಟರು. ಮುಖವೆಲ್ಲ ಕೆಂಪಾಗಿತ್ತು. ನಿಮ್ಮದು ನೀವು ಒಯ್ಯಿರಿ ಎಂದರು. ಸ್ವಲ್ಪ ತಡೆದು, ಬರುವ ಶುಕ್ರವಾರ ಕುರುಗೋಡಿನಲ್ಲಿ ನಮ್ಮಣ್ಣನ ಮಗಳನ್ನು ನೋಡಲು ಬರುತ್ತಾರೆ, ಇದನ್ನು ಕಳಿಸುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೆ ಎಂದರು. ಏನು ಮಾಡಲಿ? ಎಂಟು ತಿಂಗಳು ಹೆಣೆದದ್ದನ್ನು ಎಂಟು ನಿಮಿಷವೂ ಹಿಡಿದುಕೊಳ್ಳದೆ ವಾಪಸು ಕೊಟ್ಟೆ.

ಮರಳುವ ಬಸ್ಸು ಹತ್ತಿದೆವು. ಬಸವರಾಜ ಕೇಳದೆಯೇ ಉಂಡೆ ಹಿಡಿದುಕೊಂಡ. ಅವನು ಅಮ್ಮನ ಮುಖವನ್ನೇ ನೋಡುತ್ತಿದ್ದ. ಹೂಂ ಅನ್ನಬೇಕಾದವರು ಅವರು. ನನಗೆ ತಡೆಯಲಾಗಲಿಲ್ಲ. ಆ ಹುಡುಗಿಯ ಮೇಲೆ ಸಿಟ್ಟಾಗಬೇಡಿ ಎಂದೆ. ಹನ್ನೆರಡು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೂ ಹೇಳಿಬಿಟ್ಟೆ. ನೀವು ನನ್ನನ್ನು ನೋಡಲು ಬಂದಾಗ ನಮ್ಮ ಗೋಡೆಯ ಮೇಲಿದ್ದ ಮಣಿಯ ಗಿಣಿ ನಾನು ಮಾಡಿದ್ದಲ್ಲ, ನನ್ನ ಚಿಕ್ಕಮ್ಮ ಎಲ್ಲಿಂದಲೋ ತಂದು ತೂಗುಹಾಕಿದ್ದು.

ಅತ್ತೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಗೊತ್ತೈತಿ. ಆ ಗಿಣೀನ ನಿನಗಿಂತ ಮೊದಲ ಎರಡು ಮನ್ಯಾಗ ನೋಡಿದ್ದೆ."

ಮತ್ತೆ ನನ್ನನ್ನು ಯಾಕೆ ಒಪ್ಪಿಕೊಂಡಿರಿ ಎಂದು ಕೇಳಿದೆ.

"ಆ ಇಬ್ರು ಹುಡಿಗೇರು ಗಿಣಿ ನೋಡಿ ನಕ್ಕೋತ ಕುಂತಿದ್ರು. ನೀ ಒಮ್ಮಿನೂ ಅದರ ಕಡಿ ನೋಡಲಿಲ್ಲ."

ಹಾಗಾದರೆ ಇವತ್ತಿನ ಸ್ವೆಟರ್? ಅದನ್ನೂ ಮೊದಲೇ ಗುರುತಿಸಿದ್ದರಂತೆ. ತಮ್ಮ ಕಣ್ಣ ಮುಂದೆಯೇ ಎಂಟು ತಿಂಗಳು ಹೆಣೆದದ್ದು ಗುರುತು ಸಿಗುವುದಿಲ್ಲವೇ ಎಂದರು. ಅಂದರೆ ಬೇಕೆಂದೇ ನನ್ನ ಮಡಿಲಿಗೆ ಹಾಕಿದ್ದು. ಪರೀಕ್ಷೆ ಯಾರದಾಗಿತ್ತು, ಹುಡುಗಿಯದೋ ನನ್ನದೋ ಎಂದು ಕೇಳುವ ಧೈರ್ಯವಾಗಲಿಲ್ಲ. ಬಳ್ಳಾರಿ ಹತ್ತಿರವಾದಾಗ, ನಾಳೆಯೇ ಸಿರುಗುಪ್ಪಕ್ಕೆ ಪತ್ರ ಬರೆ ಎಂದು ಮಗನಿಗೆ ಹೇಳಿದರು. ಉಂಡೆ ಅವನ ಕೈಜಾರಿ ಡ್ರೈವರನ ಕಾಲಿನ ತನಕ ಉರುಳಿಕೊಂಡು ಹೋಯಿತು.

ಸ್ವೆಟರ್ ಇಷ್ಟು ಹೊತ್ತಿಗೆ ಕುರುಗೋಡು ಮುಟ್ಟಿರಬೇಕು, ತಪ್ಪು ಹುಟ್ಟಿದ ದಾರಿಯಲ್ಲೇ ಹೋಗಿ. ಓದುಗರಲ್ಲಿ ಯಾರಾದರೂ ಶುಕ್ರವಾರ ಅಲ್ಲಿಗೆ ಹೆಣ್ಣು ನೋಡಲು ಹೊರಟಿದ್ದರೆ ನನ್ನದೊಂದು ವಿನಂತಿ.

ಸ್ವೆಟರ್ ನೋಡಬೇಡಿ, ಹುಡುಗಿ ಅದರ ಕಡೆ ನೋಡುತ್ತಾಳೋ ಇಲ್ಲವೋ ಅದನ್ನು ನೋಡಿ.