ಅಕ್ಕನಿಗೆ ಕಾಫಿ ಆಗುವುದಿಲ್ಲ

ನನ್ನ ಹೆಸರು ಇಂದು. ಅರಸೀಕೆರೆಯ ಬಿ.ಎಡ್. ಕಾಲೇಜಿನಲ್ಲಿ ಮನೋವಿಜ್ಞಾನ ಪಾಠ ಮಾಡುತ್ತೇನೆ. "ಬೇಕೆಂದೇ ನುಂಗಿಕೊಂಡ ನೋವು ನಮಗೆ ಗೊತ್ತಿರುತ್ತದೆ. ಮನಸ್ಸು ಅದನ್ನು ನಮಗೇ ತಿಳಿಯದಂತೆ ಬಚ್ಚಿಟ್ಟರೆ ದಮನ" ಎಂದು ವರ್ಷ ವರ್ಷವೂ ಹೇಳುತ್ತೇನೆ. ಮನೆಯಲ್ಲೇ ಇದ್ದದ್ದು ನನಗೆ ಕಾಣಲಿಲ್ಲ. ನನ್ನ ಓದಿಗಿಷ್ಟು ಬೆಂಕಿ ಹಾಕ.

ಅಕ್ಕ ಲತಾಮಣಿ ಜಾವಗಲ್ಲಿನಲ್ಲಿ ಹೈಸ್ಕೂಲ್ ಟೀಚರ್. ಯಾರ ಮನೆಗೆ ಹೋದರೂ ಕಾಫಿ ಮುಟ್ಟುತ್ತಿರಲಿಲ್ಲ. "ನಂಗೆ ಪಿತ್ತ ಕಣೇ" ಎನ್ನುತ್ತಿದ್ದಳು. ನಾವು ನಂಬಿದ್ದೆವು, ಅವಳೂ ನಂಬಿದ್ದಳು. ಊರವರು ಮಾತ್ರ ಟೀಚರಮ್ಮನಿಗೆ ಜಂಬ ಎಂದುಕೊಂಡರು.

ಈ ಸಲ ಅವಳ ವಿದ್ಯಾರ್ಥಿನಿ ಮೇಘಶ್ರೀ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಳು. ಅವಳ ಅಪ್ಪ ಹನುಮಂತಯ್ಯ, ಓದಿದ್ದು ಸಾಕು, ಮನೆಯಲ್ಲಿರಲಿ ಎಂದುಬಿಟ್ಟರು. ಅಕ್ಕ ಸುಮ್ಮನಿರುವವಳೇ? ಕಾಲೇಜಿನ ಅರ್ಜಿ ಹಿಡಿದು, ನನ್ನನ್ನೂ ಎಳೆದುಕೊಂಡು ಮಾದಿಹಳ್ಳಿಯ ಅವರ ಮನೆಗೆ ಹೋದಳು. ನಮ್ಮ ಅಪ್ಪ ಗಿಡ್ಡಯ್ಯ ಹಿಂದೆ ಕೂಲಿ ಮಾಡಿದ್ದು ಅವರ ಗದ್ದೆಯಲ್ಲೇ.

ಜಗಲಿಯಲ್ಲಿ ಕುರ್ಚಿ ಹಾಕಿದರು. ಸ್ಟೀಲ್ ಲೋಟದಲ್ಲಿ ಕಾಫಿ ಬಂತು. ಅಕ್ಕ ಬೇಡವೆಂದಳು.

"ನಮ್ಮನೆ ಕಾಫಿ ಬ್ಯಾಡ, ನಿಮ್ಮ ಮಾತು ಮಾತ್ರ ನಾವು ಕೇಳ್ಬೇಕಾ?" ಎಂದರು ಹನುಮಂತಯ್ಯ. "ಮೊದ್ಲು ಕುಡೀರಿ ಮೇಡಂ, ಆಮೇಲೆ ಸಹಿ ವಿಷ್ಯ ನೋಡಾನ."

ಮೇಘಶ್ರೀ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಿ ಅಕ್ಕ ಲೋಟ ಎತ್ತಿದಳು. ಲೋಟ ವಾಲಿ ಕಾಫಿ ಸೀರೆಯ ಮೇಲೆ ಚೆಲ್ಲಿತು. ಇನ್ನೊಂದು ಕೈ ತಾನಾಗಿಯೇ ಕೆನ್ನೆಗೆ ಹೋಯಿತು.

"ಈಗ ಜ್ಞಾಪಕ ಬಂತು" ಎಂದಳು. "ನಂಗೆ ಎಂಟು ವರ್ಷ. ಇದೇ ಜಗಲಿ ಕೆಳಗೆ ನಮಗೆ ತೆಂಗಿನ ಚಿಪ್ಪಲ್ಲಿ ಕಾಫಿ ಹುಯ್ಯೋರು. ನಾನು ನಿಮ್ಮ ಲೋಟ ಮುಟ್ಟಿಬಿಟ್ಟೆ. ನಿಮ್ಮ ತಂದೆ ಎದ್ದು ನಿಂತ್ರು. ಅವರು ಹೊಡೀಬಾರ್ದು ಅಂತ ನಮ್ಮಪ್ಪನೇ ನನ್ನ ಕೆನ್ನೆಗೆ ಹೊಡೆದ."

ಅಪ್ಪ ನಮ್ಮ ಮೇಲೆ ಕೈ ಎತ್ತಿದ್ದನ್ನು ನಾನು ಕೇಳಿಯೂ ಇರಲಿಲ್ಲ. ಹನುಮಂತಯ್ಯ ತಲೆ ತಗ್ಗಿಸಿ, "ಅವತ್ತು ನಾನೂ ಇಲ್ಲೇ ಇದ್ದೆ" ಎಂದರು.

ಅಕ್ಕ ಲೋಟ ಕೆಳಗಿಟ್ಟಳು. "ನಂಗೆ ಜಂಬ ಇಲ್ಲ. ಇಷ್ಟು ದಿನ ಗೊತ್ತಿಲ್ದೆ ಬೇಡ ಅಂತಿದ್ದೆ, ಇವತ್ತು ಗೊತ್ತಿದ್ದೇ ಬೇಡ ಅಂತೀನಿ. ನಿಮ್ಮ ಮಗಳು ಓದೋದಕ್ಕೆ ನಾನು ಕಾಫಿ ಕುಡಿದು ತೋರಿಸ್ಬೇಕಾಗಿಲ್ಲ. ಸಹಿ ಹಾಕಿ. ಹಾಕೋವರೆಗೂ ನಾನು ಏಳಲ್ಲ."

ನಾವು ಹಿಡಿಯಬೇಕಿದ್ದ ಹಳೇಬೀಡಿನ ಬಸ್ಸು ಹೋಯಿತು. ಅದರ ನಂತರದ್ದೂ ಹೋಯಿತು. ಅಕ್ಕ ಏಳಲಿಲ್ಲ, ನಾನೂ ಏಳಲಿಲ್ಲ. ಕೊನೆಗೆ ಮೇಘಶ್ರೀಯೇ ಒಳಗಿನಿಂದ ಪೆನ್ನು ತಂದು ಅಪ್ಪನ ಮುಂದೆ ಹಿಡಿದಳು.