ಮೂರನೆಯ ಗುಂಡಿಯವರೆಗೆ ಬಂದ ಅಲೆ

ನನಗೆ ನೀರೆಂದರೆ ಭಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಬಿಜಾಪುರದ ಕಡೆಯವನು. ನಮ್ಮಲ್ಲಿ ನೀರು ಬಾವಿಯ ತಳದಲ್ಲಿರುತ್ತದೆ, ಮನುಷ್ಯ ಮೇಲಿರುತ್ತಾನೆ. ಇಬ್ಬರಿಗೂ ಕ್ಷೇಮವಾದ ಈ ಏರ್ಪಾಡನ್ನು ಎಪ್ಪತ್ತರ ದಶಕದ ಒಂದು ಭಾನುವಾರ ಹೆಬ್ಬಾಳ ಕೆರೆಯಲ್ಲಿ ನಾನೇ ಮುರಿದೆ. ಬಾತುಕೋಳಿ ನೋಡುವ ಆಸೆಗೆ ಮೀನು ಹಿಡಿಯುವ ಮುನಿಯಪ್ಪನ ತೆಪ್ಪ ಹತ್ತಿದೆ.

ಆ ವರ್ಷ ಗುತ್ತಿಗೆದಾರನೊಬ್ಬ ಕೆರೆಗೆ ಮೋಟಾರ್ ಬೋಟ್ ತಂದಿದ್ದ. ಅದು ನಮ್ಮ ಪಕ್ಕದಲ್ಲೇ ಅಬ್ಬರಿಸುತ್ತ ಹಾದುಹೋಯಿತು. ಬಾತುಕೋಳಿಗಳು ಎದ್ದು ಹಾರಿದವು. ಮುನಿಯಪ್ಪನ ಬಲೆ ಹರಿಯಿತು. ಆಮೇಲೆ ಅಲೆ ಬಂತು. ಸಾಕ್ಷಿ ಎಂಬ ಮಾತಿನೊಳಗೇ ಕಣ್ಣಿದೆ ಎಂದು ಸಂಸ್ಕೃತ ಬಲ್ಲವರು ಹೇಳುತ್ತಾರೆ. ನಾನಾದರೋ ಆ ಹೊತ್ತಿಗೆ ಎರಡೂ ಕಣ್ಣು ಮುಚ್ಚಿದ್ದೆ. ತೆರೆದಾಗ ಅಂಗಿ ಕೆಳಅಂಚಿನಿಂದ ಹಿಡಿದು, ಮೇಲಿನಿಂದ ಎಣಿಸಿದರೆ ಮೂರನೆಯ ಗುಂಡಿಯವರೆಗೆ ಒದ್ದೆಯಾಗಿತ್ತು.

"ಇನ್ನೊಂದು ಬಲೆ ಅರ್ದೋದ್ರೆ ತೆಪ್ಪ ಮಾರಿ ಗಾರೆ ಕೆಲ್ಸಕ್ಕೆ ಓಗೋದೇಯ ಸಾಮಿ. ನೀವು ಓದ್ದೋರು, ಸಾಕ್ಷಿ ನುಡೀರಿ" ಎಂದ ಮುನಿಯಪ್ಪ.

ಕೆರೆ ನೋಡಿಕೊಳ್ಳುವ ಇಲಾಖೆಗೆ ದೂರು ಕೊಟ್ಟದ್ದಾಯಿತು. ವಿಚಾರಣೆಗೆ ಒಬ್ಬ ಇಂಜಿನಿಯರ್ ಕೆರೆ ಏರಿಗೇ ಬಂದರು. "ಅಲೆ ಎಷ್ಟೆತ್ತರ ಇತ್ತು?" ಎಂದರು. ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುವುದೇ ನನ್ನ ಕೆಲಸ. ಅಂದಾಜಿನ ಮಾತು ನಾಲಗೆಗೆ ಬರುವುದಿಲ್ಲ. "ಮೂರನೇ ಗುಂಡಿ ಸಾರ್. ಆದ್ರೆ ಕೂತಿದ್ದೆ" ಎಂದೆ. ಅವರು ದಡದಲ್ಲಿದ್ದ ತೆಪ್ಪದೊಳಗೆ ನನ್ನನ್ನು ಕೂರಿಸಿ ಟೇಪು ಹಿಡಿದರು. ರಸ್ತೆಯಲ್ಲಿ ಹೋಗುತ್ತಿದ್ದ ಯಲಹಂಕದ ಬಸ್ಸಿನಿಂದ ಹತ್ತಾರು ತಲೆಗಳು ಹೊರಬಂದವು. ನೆಲದ ಮೇಲೆ ತೆಪ್ಪದಲ್ಲಿ ಕೂತವನ ಮುಖಭಾವ ಹೇಗಿರಬೇಕೆಂದು ನನಗೆ ಇಂದಿಗೂ ತಿಳಿಯದು.

"ಲೆಕ್ಕ ತಪ್ಪು ಸಾರ್," ಎಂದ ಗುತ್ತಿಗೆದಾರ. "ನೀರಲ್ಲಾದ್ರೆ ತೆಪ್ಪ ಒಂದು ಗೇಣು ಮುಳುಗುತ್ತೆ. ಅಷ್ಟು ಕಳೀಬೇಕು."

"ಅದು ನಿಜ" ಎಂದೆ.

ಮುನಿಯಪ್ಪ ಹಣೆ ಚಚ್ಚಿಕೊಂಡ. "ನೀವು ಯಾರ ಕಡೆ ಸಾಕ್ಷಿ ಸಾಮಿ?"

ಹೀಗಾಗಿ ಮತ್ತೆ ನೀರಿಗಿಳಿಯಬೇಕಾಯಿತು. ಗುತ್ತಿಗೆದಾರ ತಾನೇ ಬೋಟ್ ಓಡಿಸಿ ತೋರಿಸುತ್ತೇನೆಂದ. ನಾನು ಮುನಿಯಪ್ಪನ ಭುಜ ಹಿಡಿದು, ಈ ಸಲ ಏನಾದರೂ ಆಗಲಿ ಕಣ್ಣು ಮುಚ್ಚಬಾರದೆಂದು ಬೋಟನ್ನೂ ಕೈಗಡಿಯಾರವನ್ನೂ ನೋಡುತ್ತ ಕೂತೆ. ಬೋಟು ಮದುವೆ ಮಂಟಪಕ್ಕೆ ಬರುವ ಹೆಣ್ಣಿನಂತೆ ಬಂತು. ಒಂದು ಗುಂಡಿಯೂ ನೆನೆಯಲಿಲ್ಲ.

"ನೋಡಿದ್ರಾ ಸಾರ್? ನಮ್ಮ ಬೋಟ್ ಯಾವಾಗ್ಲೂ ಹಿಂಗೇ ಹೋಗೋದು!"

ಮುನಿಯಪ್ಪನ ಮುಖ ಬಾಡಿತು. ಇಂಜಿನಿಯರ್ ನನ್ನತ್ತ ತಿರುಗಿದರು. "ಏನ್ರೀ, ಆವತ್ತೂ ಇದೇ ಸ್ಪೀಡಾ?"

"ಆವತ್ತು ಕಣ್ಣು ಮುಚ್ಚಿದ್ದೆ ಸಾರ್. ಇವತ್ತಿಂದು ಹೇಳಬಲ್ಲೆ. ಆ ಬಂಡೆಯಿಂದ ಈ ತೂಬಿಗೆ ನಾಲ್ಕು ನಿಮಿಷ ಹತ್ತು ಸೆಕೆಂಡು."

ಇಂಜಿನಿಯರ್ ಬರೆದುಕೊಂಡರು. ಗುತ್ತಿಗೆದಾರನನ್ನು ಕೇಳಿದರು: "ಯಾವಾಗ್ಲೂ ಹಿಂಗೇ ಅಂದ್ರಲ್ಲ?"

"ಹೌದು ಸಾರ್, ದೇವರಾಣೆ."

"ಹಾಗಾದ್ರೆ ಸೈನ್ ಹಾಕಿ. ಇನ್ಮೇಲೆ ಬಂಡೆಯಿಂದ ತೂಬಿಗೆ ನಾಲ್ಕು ನಿಮಿಷ ಹತ್ತು ಸೆಕೆಂಡಿಗಿಂತ ಬೇಗ ಬರೋ ಹಾಗಿಲ್ಲ. ಬಲೆ ಬಿಟ್ಟಿರೋ ಕಡೆ ಹೋಗೋ ಹಾಗೇ ಇಲ್ಲ."

ಮುಂದಿನ ತಿಂಗಳು ಆರ್.ಟಿ. ನಗರದಿಂದ ಹೆಂಡತಿಯನ್ನು ಕರೆತಂದು, ಟಿಕೆಟ್ ಕೊಂಡು, ಅದೇ ಬೋಟ್ ಹತ್ತಿದೆ. ನಮ್ಮ ಮುಂದೆ ಕೂತಿದ್ದವರು ತೂಕಡಿಸುತ್ತಿದ್ದರು. ಬೋಟ್ ನಡೆಸುತ್ತಿದ್ದ ಗುತ್ತಿಗೆದಾರನನ್ನು ತೆಪ್ಪದಲ್ಲಿ ಹಿಂದೆ ಹಾಕುತ್ತ ಮುನಿಯಪ್ಪ ಕೂಗಿದ: "ಯಜಮಾನ್ರೇ, ಅಗ್ಗ ಕಟ್ಟಿ ಎಳ್ಕೊಂಡೋಗ್ಲಾ?"

ಗುತ್ತಿಗೆದಾರ ಕೈಗಡಿಯಾರ ನೋಡಿಕೊಂಡ. ನನಗೆ ಅವನ ಮೇಲೆ ಕನಿಕರವೇ ಬಂತು. ನಾವು ಸಜ್ಜನರೆಂದು ತೋರಿಸಿಕೊಳ್ಳುವಾಗ ಬಹಳ ಎಚ್ಚರವಾಗಿರಬೇಕು; ಆಮೇಲೆ ದಿನವೂ ಹಾಗೆಯೇ ಇರಬೇಕಾಗಿ ಬರುತ್ತದೆ.